ಅರಸೀಕೆರೆಯಿಂದ ಬೇಲೂರಿಗೆ, ಆಕಾಶಮಾರ್ಗವಾಗಿ

ನಮ್ಮ ಅರಸೀಕೆರೆ ಸೀಮೆಯಲ್ಲಿ ಮುಖ ಮೇಲೆತ್ತಿ ನೋಡುವ ಜನ ಎರಡು ಬಗೆ. ಮೊದಲನೆಯವರು ಬೇಸಾಯಗಾರರು, ಅವರು ನೋಡುವುದು ಮಳೆಗಾಗಿ. ಎರಡನೆಯವರು ತೆಂಗಿನಕಾಯಿ ಕೀಳುವವರು. ಅವರು ನೋಡುವುದು ಗೊನೆಯನ್ನು, ಆಕಾಶ ಅದರ ಹಿಂದೆ ತಾನಾಗಿ ಕಾಣುತ್ತದೆ ಅಷ್ಟೆ. ಈಚೆಗೆ ಮೂರನೆಯ ಬಗೆಯೊಂದು ಹುಟ್ಟಿಕೊಂಡಿದೆ. ಅದರಲ್ಲಿ ಸದ್ಯಕ್ಕೆ ಇರುವವನು ನಾನೊಬ್ಬನೇ. ನಾನು ನೋಡುವುದು ಹದ್ದುಗಳನ್ನು. ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಕೊಬ್ಬರಿ ಮಂಡಿಯ ದಿಕ್ಕಿಗೆ ಕತ್ತು ಚಾಚಿ ನಿಂತಿರುವುದನ್ನು ಕಂಡು ಸಹಪಾಠಿಗಳು ನನಗೆ ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ, ಎಲ್ಲರಿಗೂ ಗೊತ್ತಿದೆ.

ಹದ್ದು ನೋಡುವ ಹುಚ್ಚು ನನಗೆ ಹತ್ತಿದ್ದು ಗ್ಲೈಡರಿನಿಂದ. ಗ್ಲೈಡರ್ ಎಂದರೆ ಯಂತ್ರವಿಲ್ಲದ ವಿಮಾನ. ಉದ್ದನೆಯ ತೆಳು ರೆಕ್ಕೆ, ಒಬ್ಬರೋ ಇಬ್ಬರೋ ಕೂರುವಷ್ಟು ಜಾಗ, ಅಷ್ಟೆ. ನೆಲದ ಮೇಲಿನ ಯಂತ್ರವೊಂದು ಉಕ್ಕಿನ ಹಗ್ಗವನ್ನು ರಭಸದಿಂದ ಸುತ್ತಿಕೊಂಡು ಅದನ್ನು ಗಾಳಿಪಟದಂತೆ ಮೇಲೆಳೆಯುತ್ತದೆ. ಇಲ್ಲವೆ ಸಾಮಾನ್ಯ ವಿಮಾನವೊಂದು ಎಳೆದೊಯ್ದು ಮೇಲೆ ಬಿಡುತ್ತದೆ. ಹಗ್ಗ ಕಳಚಿದ ಮೇಲೆ ಅದಕ್ಕೆ ಆಧಾರ ಗಾಳಿಯೊಂದೇ. ನಾನು ಗ್ಲೈಡರಿನಲ್ಲಿ ಕುಳಿತವನಲ್ಲ, ಹತ್ತಿರದಿಂದ ಮುಟ್ಟಿದವನೂ ಅಲ್ಲ. 'ಹಾಗಾದರೆ ಅದರ ಮೇಲೆ ಬರೆಯಲು ನಿನಗೇನು ಅಧಿಕಾರ?' ಎಂದು ವಾಚಕರು ಕೇಳಬಹುದು. ಹೊಯ್ಸಳರ ಕಾಲದಲ್ಲಿ ಹುಟ್ಟದಿದ್ದವರೆಲ್ಲ ಹೊಯ್ಸಳರ ಮೇಲೆ ಹತ್ತು ಅಂಕದ ಉತ್ತರ ಬರೆದು ತೇರ್ಗಡೆಯಾಗುತ್ತಿರುವ ಕಾಲೇಜಿನಲ್ಲಿ ಈ ಪ್ರಶ್ನೆ ಅಷ್ಟಾಗಿ ಎಳಬಾರದು.

ಗ್ಲೈಡರ್ ಸದಾ ಇಳಿಯುತ್ತಲೇ ಇರುತ್ತದೆ. ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಅರ್ಧದಿಂದ ಒಂದು ಮೀಟರಿನಷ್ಟು ಅದು ಕೆಳಗಿಳಿಯಲೇಬೇಕು. ಇಂದಿನ ಒಳ್ಳೆಯ ಗ್ಲೈಡರಾದರೆ 1 ಕಿಲೋಮೀಟರ್ ಎತ್ತರದಿಂದ ಹೊರಟು ನೆಲ ಮುಟ್ಟುವುದರೊಳಗೆ 40ರಿಂದ 50 ಕಿಲೋಮೀಟರ್ ದೂರ ಜಾರಿಕೊಂಡು ಹೋಗುತ್ತದೆ. ಅಲ್ಲಿಗೆ ಆಟ ಮುಗಿಯಬೇಕಲ್ಲವೆ? ಮುಗಿಯುವುದಿಲ್ಲ. ಏಕೆಂದರೆ ಗಾಳಿ ಎಂಬುದು ನಾವು ತಿಳಿದಂತೆ ಬರಿಯ ಅಡ್ಡಡ್ಡ ಬೀಸುವುದಲ್ಲ; ಅದು ಎದ್ದು ನಿಲ್ಲುತ್ತದೆ ಕೂಡ. ಒಲೆಯ ಮೇಲೆ ಎಸರಿಟ್ಟಾಗ ತಳದಿಂದ ಗುಳ್ಳೆ ಎದ್ದು ಮೇಲಕ್ಕೆ ಬರುವುದನ್ನು ಎಲ್ಲರೂ ಕಂಡಿದ್ದೇವೆ. ಬಿಸಿಲಿಗೆ ಕಾದ ನೆಲದ ಮೇಲೆ ಗಾಳಿಯ ಕಥೆಯೂ ಅದೇ. ಉತ್ತ ಕೆಂಪು ಹೊಲ, ರೈಲ್ವೆ ಯಾರ್ಡಿನ ಜಲ್ಲಿಕಲ್ಲು, ಮಂಡಿಯ ತಗಡಿನ ಮಾಡು ಇವು ಬೇಗ ಕಾಯುತ್ತವೆ; ಕೆರೆಯ ನೀರು, ತೆಂಗಿನ ತೋಟದ ನೆರಳು ಇವು ನಿಧಾನ. ಬೇಗ ಕಾದ ಕಡೆಯಿಂದ ಬಿಸಿಗಾಳಿಯ ಕಂಬವೊಂದು ಎದ್ದು ಮೇಲೇರುತ್ತದೆ. ಇದನ್ನು ಏರುಗಾಳಿ ಎನ್ನೋಣ. ಕಣದಲ್ಲಿ ಹೊಟ್ಟನ್ನು ಎತ್ತಿ ಸುತ್ತಿಸುವ ಸುಳಿಗಾಳಿ ಈ ಕಂಬದ ಬುಡ. ಸೆಕೆಂಡಿಗೆ 2 ಮೀಟರಿನಂತೆ ಏರುವ ಗಾಳಿಯಲ್ಲಿ 1 ಮೀಟರಿನಂತೆ ಇಳಿಯುವ ಗ್ಲೈಡರ್ ಸುತ್ತು ಹಾಕಿದರೆ ಅದು ಇಳಿಯುತ್ತಲೇ ಏರುತ್ತದೆ! ರೆಕ್ಕೆ ಬಡಿಯದೆ ಹದ್ದು ಮೇಲೇರುವುದರ ಗುಟ್ಟೂ ಇದೇ.

ಏರಿದ ಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. ತಣಿದು ತಣಿದು ಒಳಗಿನ ತೇವ ಹನಿಯಾಗುವ ಎತ್ತರ ಮುಟ್ಟಿದಾಗ ತಲೆಯ ಮೇಲೊಂದು ಬಿಳಿಯ ಹತ್ತಿಮೋಡ ಕಟ್ಟುತ್ತದೆ. ಚಪ್ಪಟೆ ತಳದ ಅಂಥ ಮೋಡ ಕಂಡರೆ, ಅದರ ಕೆಳಗೊಂದು ಏರುಗಾಳಿ ಇದೆ, ಇಲ್ಲವೆ ಈಗ ತಾನೇ ಇತ್ತು ಎಂದು ತಿಳಿಯಬೇಕು. 'ಈಗ ತಾನೇ ಇತ್ತು' ಎಂಬುದರಲ್ಲಿಯೇ ವಿಮಾನ ಹಾರಿಸುವವನ ಕಷ್ಟವೆಲ್ಲ ಅಡಗಿದೆ.

ಈ ವಿದ್ಯೆ ಬೆಳೆದದ್ದು ನಮ್ಮಂಥ ವಿದ್ಯಾರ್ಥಿಗಳಿಂದ ಎಂಬ ಸಂಗತಿ ನನಗೆ ಬಹಳ ಹಿಡಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ಯಂತ್ರವಿಮಾನಗಳ ಮೇಲೆ ನಿರ್ಬಂಧ ಬಿದ್ದಿತು. 1920ರಲ್ಲಿ ವಾಸೆರ್‌ಕುಪ್ಪೆ ಎಂಬ ಬೋಳುಗುಡ್ಡದ ಮೇಲೆ ಯಂತ್ರವಿಲ್ಲದ ವಿಮಾನಗಳ ಪಂದ್ಯ ನಡೆಯಿತು. ಆ ವರ್ಷದ ಅತ್ಯುತ್ತಮ ಹಾರಾಟ ಎರಡು ಕಿಲೋಮೀಟರನ್ನೂ ಮುಟ್ಟಲಿಲ್ಲ. ಎರಡೇ ವರ್ಷಕ್ಕೆ, 1922ರಲ್ಲಿ, ಹ್ಯಾನೋವರಿನ ವಿದ್ಯಾರ್ಥಿಗಳು ಕಟ್ಟಿದ 'ವ್ಯಾಂಪೈರ್' ಗಂಟೆಗಟ್ಟಲೆ ಗುಡ್ಡದ ಮೇಲೆ ತೇಲಿತು. 1926ರಲ್ಲಿ ಮ್ಯಾಕ್ಸ್ ಕೇಗಲ್ ಎಂಬಾತನನ್ನು ಗುಡುಗುಮಳೆಯ ಮೋಡವೊಂದು ಹೀರಿಕೊಂಡು 55 ಕಿಲೋಮೀಟರ್ ಆಚೆಗೆ ಒಯ್ದು ಬಿಟ್ಟಿತು. ಪಾಪ, ಆತ ಬಯಸಿ ಹೋದದ್ದಲ್ಲ. 1929ರಲ್ಲಿ ರಾಬರ್ಟ್ ಕ್ರೊನ್‌ಫೆಲ್ಡ್ 100 ಕಿಲೋಮೀಟರ್ ದಾಟಿದ. 1972ರಲ್ಲಿ ಹಾನ್ಸ್ ವೆರ್ನರ್ ಗ್ರೊಸೆ ಜರ್ಮನಿಯ ಲ್ಯೂಬೆಕ್‌ನಿಂದ ಫ್ರಾನ್ಸಿನ ಬಿಯಾರಿಟ್ಜ್‌ವರೆಗೆ ಒಂದೇ ಹಗಲಿನಲ್ಲಿ 1,460 ಕಿಲೋಮೀಟರ್ ಹೋದ, ಒಂದು ಹನಿ ಪೆಟ್ರೋಲು ಇಲ್ಲದೆ. ಬೈಕಿನಲ್ಲಿ ಕಾಲೇಜಿಗೆ ಬರುವ ಮಿತ್ರರು ಇದನ್ನು ಗಮನಿಸಬೇಕು.

ನಮ್ಮ ನಾಡೂ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಹುಟ್ಟಿದ ಹೊಸತರಲ್ಲಿ, ಯುದ್ಧದ ಆ ವರ್ಷಗಳಲ್ಲಿ, ವಿ. ಎಂ. ಘಾಟಗೆಯವರು ಹತ್ತು ಜನ ಕೂರುವ ಸೈನಿಕ ಗ್ಲೈಡರೊಂದನ್ನು ರೂಪಿಸಿದರು. ಗಟ್ಟಿಂಗೆನ್ನಿನಲ್ಲಿ ಪ್ರಾಂಟ್ಲ್‌ರ ಶಿಷ್ಯರಾಗಿ ಬಂದವರು ಅವರು. ಮುಂದೆ ಸ್ವತಂತ್ರ ಭಾರತದಲ್ಲಿ ಸಿವಿಲ್ ವಿಮಾನಯಾನ ಇಲಾಖೆಯ ಎಂಜಿನಿಯರುಗಳು, ಅವರಲ್ಲಿ ಮುಖ್ಯವಾಗಿ ಎಸ್. ರಾಮಾಮೃತಂ ಅವರು, ಮರದಲ್ಲಿ ಒಂದಾದ ಮೇಲೊಂದು ಗ್ಲೈಡರ್ ಕಟ್ಟಿದರು. ಅವುಗಳ ಹೆಸರನ್ನು ನಾನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಮನೆಗೆ ಓಡಿದೆ. 1958ರದು ಅಶ್ವಿನಿ. ಆಮೇಲಿನದು ಭರಣಿ. 1961ರದು ರೋಹಿಣಿ, ಇಬ್ಬರು ಪಕ್ಕಪಕ್ಕದಲ್ಲಿ ಕೂತು ಕಲಿಯುವಂಥದು. 1963ರದು ಕಾರ್ತಿಕ್, 1970ರದು ಮೃಗಶಿರ, 1979ರದು ಆರಿದ್ರ. ಏಪ್ರಿಲ್ ನಡುವಿನಿಂದ ಜುಲೈ ಮೊದಲ ವಾರದವರೆಗೆ ನಮ್ಮ ಮನೆಯಲ್ಲಿ ದಿನವೂ ಉಚ್ಚರಿಸುವ ಹೆಸರುಗಳೇ ಇವು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ನಮ್ಮಪ್ಪ ಬೆರಳು ಮಡಿಸಿ ಎಣಿಸುವ ಮಳೆಗಳು.

ಅಪ್ಪ ಓದಿದ್ದು ನಾಲ್ಕನೆಯ ತರಗತಿ. ನಮ್ಮ ವಂಶದಲ್ಲಿ ಬಿ.ಎ. ಮೆಟ್ಟಿಲು ಹತ್ತಿದವನು ನಾನೇ ಮೊದಲನೆಯವನು. ಕಾಲೇಜಿನಲ್ಲಿ ಓದಿದ್ದನ್ನು ಮನೆಯಲ್ಲಿ ಹೇಳುವುದಕ್ಕೆ ನನಗೆ ಸಾಮಾನ್ಯವಾಗಿ ಜಾಗ ಸಿಕ್ಕುವುದಿಲ್ಲ. ರಾಷ್ಟ್ರೀಯ ವರಮಾನದ ಲೆಕ್ಕವನ್ನು ಹಟ್ಟಿಯಲ್ಲಿ ಯಾರ ಮುಂದೆ ಹೇಳುವುದು? ಅಂದು ಮಾತ್ರ ಜಾಗ ಸಿಕ್ಕಿತು. ಅಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದವರು ಕೇಳಿದರು: "ಮಳೆ ಹೆಸರ್ನ ವಿಮಾನಕ್ಕೆ ಇಟ್ಟವ್ರಾ? ಮಳೆ ಕೈಕೊಟ್ಟಂಗೆ ಅದೂ ಕೈಕೊಡ್ತಿತ್ತೇನ್ಲಾ?"

"ಏರುಗಾಳಿ ಸಿಕ್ಕದಿದ್ರೆ ಕೈಕೊಡ್ತಿತ್ತು ಕಣಪ್ಪ" ಎಂದೆ.

"ಕೈಕೊಟ್ರೆ?"

"ಯಾರದಾದ್ರೂ ಹೊಲದಲ್ಲಿ ಇಳಿಸ್ಬೇಕು."

"ಬೆಳೆ ಇದ್ರೆ?" ಎಂದರು ಅಪ್ಪ. ಗ್ಲೈಡರಿನ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಮೊದಲು ಈ ಪ್ರಶ್ನೆ ಎತ್ತಿರಲಿಲ್ಲ.

ಇನ್ನು ಪಂದ್ಯದ ವಿಷಯ. ಗೊತ್ತುಮಾಡಿದ ಊರುಗಳ ಮೇಲೆ ಹಾದು, ಹೊರಟ ಮೈದಾನಕ್ಕೆ ಹಿಂತಿರುಗಿ ಬರಬೇಕು. ಬೇಗ ಬಂದವನು ಗೆದ್ದ. ತಿರುವಿನ ಊರು ಮುಟ್ಟಿದ್ದಕ್ಕೆ ಹಿಂದೆ ಮೇಲಿನಿಂದ ಛಾಯಾಚಿತ್ರ ತೆಗೆದು ತೋರಿಸಬೇಕಿತ್ತು. ಈಗ ಉಪಗ್ರಹದ ಲೆಕ್ಕವಿಡುವ ಪೆಟ್ಟಿಗೆ ಸಾಕ್ಷಿ ಹೇಳುತ್ತದೆ. ಒಳ್ಳೆಯ ದಿನ ಇದು ವೇಗದ ಆಟ. 1956ರಲ್ಲಿ ಫ್ರಾನ್ಸಿನಲ್ಲಿ ಜಗತ್ತಿನ ಪಂದ್ಯ ಗೆದ್ದ ಪಾಲ್ ಮೆಕ್‌ಕ್ರೆಡಿ ಇದಕ್ಕೊಂದು ಲೆಕ್ಕ ಹಾಕಿಕೊಟ್ಟಿದ್ದಾನೆ: ಮುಂದೆ ಬಲವಾದ ಏರುಗಾಳಿ ಸಿಕ್ಕುತ್ತದೆಂಬ ನಂಬಿಕೆಯಿದ್ದರೆ ಮೂಗು ತಗ್ಗಿಸಿ ರಭಸದಿಂದ ಹೋಗು, ಎತ್ತರ ಕಳೆದರೆ ಚಿಂತೆಯಿಲ್ಲ, ನಂಬಿಕೆಯಿಲ್ಲದಿದ್ದರೆ ನಿಧಾನಿಸು, ಸಿಕ್ಕಿದ ಸಣ್ಣ ಏರನ್ನೂ ಬಿಡಬೇಡ. ಕೆಟ್ಟ ದಿನ ಮಾತ್ರ ಆಟದ ಬಣ್ಣವೇ ಬೇರೆ. ಆಗ ಯಾರೂ ಮೈದಾನಕ್ಕೆ ಮರಳಲಾರರು. ಹೆಚ್ಚು ದೂರ ಹೋಗಿ ಬಿದ್ದವನೇ ಗೆದ್ದವನು. ಅರ್ಧ ಗಂಟೆ ಒಂದೇ ಬಡ ಏರುಗಾಳಿಯಲ್ಲಿ ಸುತ್ತುತ್ತ, ಏರದೆ ಇಳಿಯದೆ, ಮೋಡದ ನೆರಳು ಸರಿದು ನೆಲಕ್ಕೆ ಬಿಸಿಲು ಬೀಳಲಿ ಎಂದು ಕಾಯುವುದೂ ಒಂದು ಜಾಣತನವೇ. ನನಗೆ ಹಿಡಿಸಿದ್ದು ಈ ಕೆಟ್ಟ ದಿನಗಳ ಆಟ. ವೇಗದ ದಾಖಲೆಗಳನ್ನು ಓದುವಾಗ ಆಕಳಿಕೆ ಬರುತ್ತದೆ. ಕಾಯ್ದವರ ಕಥೆ ಓದುವಾಗ ಬರುವುದಿಲ್ಲ.

ಹೀಗಿರುವಾಗ ನನಗೊಂದು ಯೋಚನೆ ಬಂತು. ನಮ್ಮ ಸೀಮೆಯಲ್ಲಿ ಇಂಥ ಪಂದ್ಯ ಇಟ್ಟರೆ ಹಾದಿ ಎಲ್ಲಿ? ನಮ್ಮ ಭೂಗೋಳಶಾಸ್ತ್ರದ ಮೇಷ್ಟ್ರ ಅಪ್ಪಣೆ ಪಡೆದು ವಿಭಾಗದ ನಕ್ಷೆ ಹರಡಿಕೊಂಡು ಕೂತೆ. ಅರಸೀಕೆರೆ, ಬೇಲೂರು, ಹಳೇಬೀಡು ಮೂರನ್ನೂ ಸೇರಿಸಿ ಚೆಂದದ ತ್ರಿಕೋಣವೊಂದನ್ನು ಎಳೆಯುವ ಆಸೆ. ಅಳತೆಪಟ್ಟಿ ಇಟ್ಟು ನೋಡಿದರೆ ತ್ರಿಕೋಣ ಮೂಡಲೇ ಇಲ್ಲ. ಅರಸೀಕೆರೆಯಿಂದ ಬೇಲೂರಿಗೆ ನೇರ ಗೆರೆ ಎಳೆದರೆ ಹಳೇಬೀಡು ಬಹುಮಟ್ಟಿಗೆ ಆ ಗೆರೆಯ ಮೇಲೆಯೇ ಕುಳಿತಿದೆ! ಅರಸೀಕೆರೆಯಿಂದ ಹಳೇಬೀಡಿಗೆ ಸುಮಾರು 30 ಕಿಲೋಮೀಟರ್, ಅಲ್ಲಿಂದ ಬೇಲೂರಿಗೆ ಸುಮಾರು 15. ಬಸ್ಸಿನ ಹಾದಿಯ ಸುತ್ತುಗಳಲ್ಲಿ ಈ ನೇರ ನಮಗೆ ಎಂದೂ ಕಂಡಿರಲಿಲ್ಲ. ಹೋಗಿ ಬರುವುದು ಸೇರಿ 90 ಕಿಲೋಮೀಟರ್. ಅಂತರರಾಷ್ಟ್ರೀಯ ಸಂಸ್ಥೆಯವರು ಕೊಡುವ ಬೆಳ್ಳಿ ಬಿಲ್ಲೆಗೆ 50 ಕಿಲೋಮೀಟರ್ ದೂರ, 5 ಗಂಟೆ ಕಾಲ, 1,000 ಮೀಟರ್ ಏರಿಕೆ ಬೇಕು. ವಿಷ್ಣುವರ್ಧನ ಮಹಾರಾಜನು 1117ರಲ್ಲಿ ತನ್ನ ದೇವಾಲಯವನ್ನು ಇನ್ನು 5 ಕಿಲೋಮೀಟರ್ ಪಶ್ಚಿಮಕ್ಕೆ ಕಟ್ಟಿಸಿದ್ದರೆ ಅರಸೀಕೆರೆಯವರಿಗೆ ಬೆಳ್ಳಿ ಬಿಲ್ಲೆ ಸುಲಭವಾಗುತ್ತಿತ್ತು.

ಗೆರೆ ಎಳೆಯುವುದು ಸುಲಭ. ಆ ಗೆರೆಯ ಮೇಲೆ ಹವೆ ಎರಡು ತುಂಡಾಗಿದೆ. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಬಯಲುಸೀಮೆ. ಬೇಲೂರು ಅದಕ್ಕಿಂತ 170 ಮೀಟರಿನಷ್ಟು ಮೇಲೆ, ಮಲೆನಾಡಿನ ಹೊಸ್ತಿಲಲ್ಲಿ. ಜೂನ್ ತಿಂಗಳಲ್ಲಿ ಅಲ್ಲಿ ಕೊಡೆ, ಇಲ್ಲಿ ಧೂಳು. ಪಶ್ಚಿಮದ ಗಾಳಿ ಘಟ್ಟ ಹತ್ತುವಾಗ ಮಳೆಯನ್ನೆಲ್ಲ ಅಲ್ಲೇ ಸುರಿದು, ಬರಿಗೈಯಲ್ಲಿ ನಮ್ಮ ಊರಿಗೆ ಬರುತ್ತದೆ. ಒಂದು ಸಲ ಈ ಗೆರೆಯ ಉದ್ದಕ್ಕೂ ಹೋಗಿ ಆಕಾಶವನ್ನು ಬರೆದುಕೊಂಡು ಬರಬೇಕೆಂದು ನಿಶ್ಚಯಿಸಿದೆ.

ಹೊರಟದ್ದು ಕಳೆದ ಜೂನಿನಲ್ಲಿ, ಮೃಗಶಿರ ಮಳೆ ಹುಟ್ಟಿದ ಮೂರನೆಯ ದಿನ, ಒಂದು ಭಾನುವಾರ ಅಲ್ಲವಾದರೂ ರಜೆಯ ದಿನ. ಮನೆಯಲ್ಲಿ ಅಂದು ಸಂತೋಷದ ಹವೆ ಇರಲಿಲ್ಲ. ತೋಟದ ಬೋರ್‌ವೆಲ್ ಬೇಸಗೆಯಲ್ಲಿಯೇ ಬತ್ತಿತ್ತು. ತೆಂಗಿನ ಗರಿ ಜೋತು ಬಿದ್ದಿದ್ದುವು. ಎರಡು ಎಕರೆಗೆ ಮುಸುಕಿನ ಜೋಳದ ಬೀಜ, ಗೊಬ್ಬರ ಎರಡನ್ನೂ ಸಾಲಕ್ಕೆ ತಂದಿಟ್ಟಿದ್ದರು. ಅದರ ಹಿಂದಿನ ವರ್ಷ ಮೊದಲ ಹನಿಯನ್ನು ನಂಬಿ ಬಿತ್ತಿದ್ದು ಮಣ್ಣಿನಲ್ಲೇ ಬೆಂದುಹೋಗಿ, ಎರಡನೆಯ ಸಲ ಬೀಜ ಕೊಳ್ಳಲು ಅವ್ವನ ಓಲೆ ಅಡವಿಗೆ ಹೋಗಿತ್ತು. ಅದು ಇನ್ನೂ ಬಿಡಿಸಿಕೊಂಡು ಬಂದಿರಲಿಲ್ಲ. ಈ ವರ್ಷ ಅಕ್ಕಪಕ್ಕದ ಹೊಲದವರು ಬಿತ್ತನೆಗೆ ಕೂರಿಗೆ ಹೂಡುತ್ತಿದ್ದರು. ಅಪ್ಪ ಹೂಡಲೂ ಇಲ್ಲ, ಹೂಡುವುದಿಲ್ಲ ಎನ್ನಲೂ ಇಲ್ಲ.

ಸಹಪಾಠಿಯೊಬ್ಬನ ಬೈಕು, ಅವನ ಪೆಟ್ರೋಲಿಗೆ ನನ್ನ ಅರ್ಧ ಪಾಲು, ವಿಭಾಗದಿಂದ ಬರೆದುಕೊಟ್ಟು ತಂದ ಒಣ ಹಾಗೂ ಒದ್ದೆ ತಾಪಮಾಪಕ, ಒಂದು ನೋಟುಪುಸ್ತಕ. ಇಷ್ಟೇ ನಮ್ಮ ವಿಮಾನದಳ. ಗಾಳಿಯ ಉಷ್ಣತೆಗೂ ಇಬ್ಬನಿ ಕಟ್ಟುವ ಉಷ್ಣತೆಗೂ ಇರುವ ವ್ಯತ್ಯಾಸದ ಪ್ರತಿ ಡಿಗ್ರಿಗೆ 125 ಮೀಟರಿನಂತೆ ಗುಣಿಸಿದರೆ ಹತ್ತಿಮೋಡದ ತಳ ಎಷ್ಟು ಎತ್ತರದಲ್ಲಿದೆ ಎಂಬುದು ಹೆಚ್ಚು ಕಡಿಮೆ ಸಿಕ್ಕುತ್ತದೆ. ನೆಲದ ಮೇಲೆ ನಿಂತೇ ಮೋಡವನ್ನು ಅಳೆಯುವ ಈ ಲೆಕ್ಕ ನನಗೆ ಇಡೀ ಬಿ.ಎ. ಓದಿನಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟದ್ದು.

ಅರಸೀಕೆರೆಯಲ್ಲಿ ಹತ್ತೂವರೆಗೆ ಮೊದಲ ಹದ್ದು ಮಂಡಿಯ ಮಾಡಿನ ಮೇಲೆ ಸುತ್ತು ಹಾಕಿತು. ಹನ್ನೊಂದಕ್ಕೆ ಒಂಬತ್ತು ಹದ್ದು, ನಾಲ್ಕಾರು ಹತ್ತಿಮೋಡ. ಉಷ್ಣತೆ 30, ಇಬ್ಬನಿಯದು 19; ಮೋಡದ ತಳ 1,400 ಮೀಟರಿನ ಆಸುಪಾಸು. ಗಾಳಿ ನೈಋತ್ಯಕ್ಕಿಂತ ತುಸು ಪಶ್ಚಿಮದಿಂದ, ಅಂದರೆ ನೇರ ನಮ್ಮ ಮುಖಕ್ಕೆ. ಗಂಟೆಗೆ 25 ಕಿಲೋಮೀಟರ್ ಇದ್ದೀತು. ಇದರ ಅರ್ಥ ನೋಡಿ. ಗ್ಲೈಡರ್ ಗಂಟೆಗೆ 90ರಂತೆ ಹೋದರೆ ನೆಲದ ಮೇಲೆ ಸಾಗುವುದು 65 ಮಾತ್ರ. ಅದೂ ಹೋಗಲಿ, ಏರುಗಾಳಿಯಲ್ಲಿ ಹತ್ತು ನಿಮಿಷ ಸುತ್ತಿದರೆ ಗಾಳಿ ಅದನ್ನು 4 ಕಿಲೋಮೀಟರ್ ಹಿಂದಕ್ಕೆ ತಂದು ಬಿಟ್ಟಿರುತ್ತದೆ. ಹದ್ದುಗಳನ್ನೇ ನೋಡಿದೆ; ಮಂಡಿಯ ಮೇಲೆ ಸುತ್ತಲು ತೊಡಗಿದವು ಏರುತ್ತ ಏರುತ್ತ ರೈಲ್ವೆ ಹಳಿಯ ಆಚೆಗೆ ತೇಲಿಹೋಗಿದ್ದುವು. ಅವಕ್ಕೆ ಬೇಲೂರಿಗೆ ಹೋಗುವ ಹರಕೆಯಿರಲಿಲ್ಲ.

ಹಳೇಬೀಡಿಗೆ ಬರುವ ಹಾದಿಯಲ್ಲಿ ಎಂಟು ಕಡೆ ನಿಲ್ಲಿಸಿದೆವು. ಪ್ರತಿ ಸಲ ನಾನು ಮೇಲೆ ನೋಡುತ್ತಿದ್ದೆ, ಮಿತ್ರ ಎಳನೀರಿನ ಅಂಗಡಿ ನೋಡುತ್ತಿದ್ದ. ಮುಂದೆ ಹೋದಷ್ಟೂ ಮೋಡ ದಪ್ಪ, ತಳ ಕೆಳಗೆ, ನಡುವಣ ಬಿಸಿಲು ಕಡಿಮೆ. ಹಳೇಬೀಡಿನಲ್ಲಿ ಒಂದು ಗಂಟೆಗೆ ಉಷ್ಣತೆ 27, ಇಬ್ಬನಿಯದು 20. ಮೋಡದ ತಳ 900 ಮೀಟರಿಗೆ ಇಳಿದಿತ್ತು.

ದೇವಾಲಯದ ಬಳಿಯ ಗರುಡಗಂಬವನ್ನು ಮಿತ್ರನಿಗೆ ತೋರಿಸಿದೆ. ಇಮ್ಮಡಿ ವೀರಬಲ್ಲಾಳನ ಅಂಗರಕ್ಷಕ ಕುವರಲಕ್ಷ್ಮ ತನ್ನವರೊಡನೆ ಪ್ರಾಣ ಕೊಟ್ಟ ನೆನಪಿನ ಕಂಬ ಅದು. ಒಡೆಯನೊಡನೆ ಸಾಯುವ ವೀರರಿಗೆ ಆ ಕಾಲದವರು ಗರುಡರೆಂದು ಹೆಸರಿಟ್ಟಿದ್ದರು. ನೂರಾರು ಪ್ರವಾಸಿಗಳು ಕಲ್ಲಿನ ಆನೆ ಕುದುರೆಗಳನ್ನು ಎಣಿಸುತ್ತಿರುವಾಗ ನಿಜವಾದ ಗರುಡವೊಂದು, ಬಿಳಿಯ ತಲೆ, ಕಾವಿ ರೆಕ್ಕೆ, ದ್ವಾರಸಮುದ್ರದ ಕೆರೆಯ ದಂಡೆಯ ಮೇಲೆ ತಗ್ಗಿನಲ್ಲಿಯೇ ಹಾರುತ್ತಿತ್ತು. ಅದಕ್ಕೂ ಏರುಗಾಳಿ ಸಿಕ್ಕಿರಲಿಲ್ಲ.

ಅಲ್ಲಿಂದ ಪುಷ್ಪಗಿರಿ ಹತ್ತಿದೆವು. ಈ ದಿನದ ಫಲವೆಲ್ಲ ಆ ಗುಡ್ಡದ ಮೇಲೆ ಸಿಕ್ಕಿತೆಂದು ಹೇಳಬೇಕು. ಕೆಳಗಿನಿಂದ ನೋಡುವಾಗ ಚೆಲ್ಲಾಪಿಲ್ಲಿಯಾಗಿ ಕಂಡಿದ್ದ ಮೋಡಗಳು ಮೇಲಿನಿಂದ ನೋಡಿದರೆ ಸಾಲು ಹಿಡಿದಿದ್ದುವು. ನೇಗಿಲ ಸಾಲಿನಂತೆ ಒಂದರ ಪಕ್ಕ ಒಂದು, ಗಾಳಿಯ ದಿಕ್ಕಿಗೆ ನೇರವಾಗಿ, ಬೇಲೂರ ಕಡೆಯಿಂದ ಅರಸೀಕೆರೆಯ ಕಡೆಗೆ. ಗಾಳಿ ಜೋರಾಗಿ ಒಂದೇ ದಿಕ್ಕಿಗೆ ಬೀಸುವ ದಿನಗಳಲ್ಲಿ ಏರುಗಾಳಿಗಳು ಹೀಗೆ ಸಾಲಾಗುತ್ತವೆಂದು ಓದಿದ್ದೆ. ಸಾಲಿನ ಕೆಳಗೆ ಏರು, ಎರಡು ಸಾಲುಗಳ ನಡುವೆ ಇಳಿತ. ಸಾಲಿನ ಕೆಳಗೆ ಹೋಗುವವನು ಸುತ್ತಬೇಕಾಗಿಲ್ಲ. ನೇರ ಹೋಗುತ್ತಲೇ ಎತ್ತರ ಉಳಿಸಿಕೊಳ್ಳಬಹುದು. ಸುತ್ತದವನನ್ನು ಎದುರುಗಾಳಿ ಹಿಂದಕ್ಕೆ ಒಯ್ಯಲಾರದು. ಅರಸೀಕೆರೆಯಲ್ಲಿ ನಾನು 'ಆಗದು' ಎಂದು ನೋಟುಪುಸ್ತಕದಲ್ಲಿ ಬರೆದದ್ದಕ್ಕೆ ಉತ್ತರ ತಲೆಯ ಮೇಲೆಯೇ ಗೆರೆ ಎಳೆದಂತೆ ನಿಂತಿತ್ತು. ಗಾಳಿಯೂ ಪಂದ್ಯದ ಹಾದಿಯೂ ಒಂದೇ ಗೆರೆಯಾದದ್ದರಿಂದ ಹಳೇಬೀಡಿನವರೆಗೆ ಬರುವುದು ಸಾಧ್ಯ.

ಮುಂದಿನ 15 ಕಿಲೋಮೀಟರ್? ಪಶ್ಚಿಮಕ್ಕೆ ತಿರುಗಿ ನೋಡಿದರೆ ಸಾಲುಗಳೆಲ್ಲ ಒಂದು ಬೂದು ಗೋಡೆಯೊಳಗೆ ಹೊಕ್ಕು ಮಾಯವಾಗಿದ್ದುವು. ಗೋಡೆಯ ಕೆಳಗೆ ನೆಲಕ್ಕೆ ಬಿಸಿಲಿಲ್ಲ. ಬಿಸಿಲಿಲ್ಲದ ಕಡೆ ಏರುಗಾಳಿಯಿಲ್ಲ. ಬೇಲೂರಿಗೆ ಹೋಗಿ ಹಳೇಬೀಡಿಗೆ ಮರಳುವ 30 ಕಿಲೋಮೀಟರನ್ನೂ ಬರಿಯ ಎತ್ತರ ಖರ್ಚು ಮಾಡಿ ಜಾರಬೇಕು. ಬಂಡೆಯ ಮೇಲೆ ಕುಳಿತು ಲೆಕ್ಕ ಹಾಕಿದೆ. ಕಿಲೋಮೀಟರಿಗೆ 40ರಂತೆ ಜಾರುವ ಗ್ಲೈಡರಿಗೆ ಎದುರುಗಾಳಿಯಲ್ಲಿ ಹೋಗಲು 520 ಮೀಟರ್, ಬೆನ್ನುಗಾಳಿಯಲ್ಲಿ ಬರಲು 300, ಜೀವದ ಆಸೆಗೆ ಇನ್ನೊಂದು 300. ಒಟ್ಟು 1,100ಕ್ಕೆ ಮೇಲೆ. ಮೋಡದ ತಳ 900. ಹಳೆಯ ಮರದ ರೋಹಿಣಿಯಾದರೆ ಹೋಗುವ ಹಾದಿಗೇ ಸಾಲದು. ಆದ್ದರಿಂದ ಆ ದಿನ ಪಂದ್ಯವಾಗಿದ್ದರೆ ಜಾಣರೆಲ್ಲ ಪುಷ್ಪಗಿರಿಯ ಮೇಲೆ ಸುತ್ತುತ್ತ, ಗೋಡೆ ಹಿಂಜರಿಯುವುದನ್ನು ಕಾಯುತ್ತಿದ್ದರು. ಆತುರಗಾರನೊಬ್ಬ ಮುನ್ನುಗ್ಗಿ, ಅರ್ಧ ಹಾದಿಯಲ್ಲಿ ಯಾರದೋ ಆಲೂಗಡ್ಡೆ ಹೊಲದಲ್ಲಿ ಇಳಿದು, ಹೊಲದೊಡೆಯನಿಗೆ ಉತ್ತರ ಹೇಳುತ್ತಿದ್ದ. ಕೊನೆಗೆ ಗೆಲ್ಲುತ್ತಿದ್ದವನೂ ಅವನೇ ಇರಬಹುದು, ಇತರರಿಗಿಂತ ಏಳು ಕಿಲೋಮೀಟರ್ ಮುಂದೆ ಬಿದ್ದದ್ದಕ್ಕಾಗಿ.

ನಾವು ಬೈಕಿನವರಾದ್ದರಿಂದ ಗೋಡೆಯೊಳಕ್ಕೆ ಹೋದೆವು. ಹಳೇಬೀಡಿನಿಂದ ನಾಲ್ಕು ಕಿಲೋಮೀಟರ್ ಆಚೆ ರಸ್ತೆಯ ಮೇಲೆ ಮೊದಲ ಹನಿ. ಅಲ್ಲಿಂದ ಒಂದು ಫರ್ಲಾಂಗಿನೊಳಗೆ ಧೂಳು ಕೆಸರಾಗಿತ್ತು. ಅಷ್ಟು ಖಚಿತವಾದ ಗೆರೆ. ನಿಲ್ಲಿಸಿ ಹೊಲಕ್ಕಿಳಿದು ಬೆರಳು ಚುಚ್ಚಿ ನೋಡಿದೆ. ತೇವ ಎರಡು ಗೆಣ್ಣು. ಬೇಲೂರಿನಲ್ಲಿ ಉಷ್ಣತೆ 23, ಇಬ್ಬನಿಯದು 21, ಮೋಡ 250 ಮೀಟರಿಗೆ ಇಳಿದು ರಾಜಗೋಪುರದ ತಲೆಗೆ ತಾಕುವಂತಿತ್ತು. ಒಂದೇ ಒಂದು ಹದ್ದು ಹಾರುತ್ತಿರಲಿಲ್ಲ. ಬಸ್ಸು ನಿಲ್ದಾಣದ ಬಳಿ ಮರದ ಮೇಲೆ ಏಳು ಹದ್ದು ರೆಕ್ಕೆ ಇಳಿಬಿಟ್ಟು, ನೆನೆದ ಛತ್ರಿಗಳಂತೆ ಸುಮ್ಮನೆ ಕುಳಿತಿದ್ದುವು. ಚಹಾ ಕುಡಿದು, ಕೇಶವನಿಗೆ ಕೈಮುಗಿದು ಹಿಂದಿರುಗಿದೆವು. ಬರುವಾಗ ಆ ಮಳೆಯ ಗೆರೆಯನ್ನು ಮತ್ತೆ ನೋಡಿದೆ. ಎರಡು ಗಂಟೆಯಲ್ಲಿ ಅದು ಪೂರ್ವಕ್ಕೆ ಒಂದು ಹೆಜ್ಜೆಯೂ ಸರಿದಿರಲಿಲ್ಲ. ಹಳೇಬೀಡಿನಿಂದ ಅರಸೀಕೆರೆಗೆ ಬೆನ್ನುಗಾಳಿಯಲ್ಲಿ ಮೋಡದ ಸಾಲು ಹಿಡಿದ ಗ್ಲೈಡರಿಗೆ ಕಾಲು ಗಂಟೆ ಸಾಕು. ನಮಗೆ ಒಂದು ಗಂಟೆಯ ಮೇಲಾಯಿತು, ನಡುವೆ ಒಂದು ಪಂಕ್ಚರು.

ಮನೆ ಸೇರಿದಾಗ ಕತ್ತಲಾಗಿತ್ತು. ಅಪ್ಪ ಜಗುಲಿಯ ಮೇಲೆ ಕೂತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ.

"ಎಲ್ಲೀಗಂಟ ಬಂದಿತ್ತು ಮಳೆ?" ಎಂದರು.

"ಹಳೇಬೀಡಿಂದ ಆಚೆ ನಾಕು ಕಿಲೋಮೀಟ್ರು. ಮಧ್ಯಾಹ್ನ ಎಲ್ಲಿತ್ತೋ ಸಾಯಂಕಾಲ್ವೂ ಅಲ್ಲೇ ಇತ್ತು ಕಣಪ್ಪ."

"ಹದ?"

"ಎರಡು ಗೆಣ್ಣು. ಹಳೇಬೀಡಿಂದ ಈಚೆಗೆ ಬರೀ ಧೂಳು."

"ಗಾಳಿ?"

ಗಾಳಿ, ಮೋಡದ ಸಾಲು, ತಳದ ಎತ್ತರ ಎಲ್ಲವನ್ನೂ ನೋಟುಪುಸ್ತಕ ತೆರೆದು ಹೇಳಿದೆ. ಸಾಲಿನ ಮಾತು ಬಂದಾಗ ಅಪ್ಪ ತಲೆಯಾಡಿಸಿದರು. "ಅದು ಮಳೆ ಮೋಡ ಅಲ್ಲ. ಅದು ಗಾಳಿ ಮೋಡ. ಅದು ಸಾಲು ಮುರೀಬೇಕು, ಗಾಳಿ ಕಟ್ಟಬೇಕು. ಆಮೇಲೆ ನಮಗೆ" ಎಂದರು. ಮೂವತ್ತು ವರ್ಷದಿಂದ ಅವರು ಆ ಸಾಲುಗಳನ್ನು ನೋಡುತ್ತಲೇ ಇದ್ದರು. ಅವಕ್ಕೆ ಅವರದೇ ಹೆಸರಿತ್ತು. ಗ್ಲೈಡರಿನವನಿಗೆ ಒದಗುವ ಮೋಡ ಬಿತ್ತುವವನಿಗೆ ಒದಗದು, ಬಿತ್ತುವವನಿಗೆ ಬೇಕಾದ ಬೂದು ಗೋಡೆ ಗ್ಲೈಡರನ್ನು ನೆಲಕ್ಕೆ ಕೂರಿಸುತ್ತದೆ ಎಂದು ನಾನು ಹೇಳಿದ್ದಕ್ಕೆ, "ಅಂಗಾರೆ ಅವ್ನು ಸೋತ ದಿನ ನಾವು ಬಿತ್ತಾನ" ಎಂದು ಎದ್ದು ಒಳಗೆ ಹೋದರು.

ಮಾರನೆಯ ದಿನ ಅಕ್ಕಪಕ್ಕದವರು ಬಿತ್ತಿದರು. ಅಪ್ಪ ಬಿತ್ತಲಿಲ್ಲ. ಅವ್ವ ಎರಡು ದಿನ ಮಾತಾಡಲಿಲ್ಲ. ನಾನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಉಷ್ಣತೆ ಬರೆದೆ. ಮಂಡಿಯ ಮೇಲಿನ ಹದ್ದು ಎಣಿಸಿದೆ. ಎಂಟು, ಹನ್ನೊಂದು, ಏಳು. ಐದನೆಯ ದಿನ ಮಧ್ಯಾಹ್ನ ಒಂದು ಹದ್ದೂ ಮೇಲೇರಲಿಲ್ಲ. ಆರನೆಯ ದಿನ ಬೆಳಗಿನ ಜಾವ ಮಳೆ ಬಂತು. ದೊಡ್ಡ ಮಳೆಯಲ್ಲ, ಒಂದೂವರೆ ಗೆಣ್ಣಿನ ಹದ. ಅಪ್ಪ ಒಂದು ಎಕರೆಗೆ ಮಾತ್ರ ಬಿತ್ತಿದರು. ಉಳಿದದ್ದನ್ನು ಆರಿದ್ರಕ್ಕೆ ಬಿಟ್ಟರು. ಒಂದು ಎಕರೆಯೇ ಏಕೆ ಎಂದು ನಾನು ಕೇಳಿದ್ದಕ್ಕೆ ಉತ್ತರ ಸಿಕ್ಕಲಿಲ್ಲ. ಮೆಕ್‌ಕ್ರೆಡಿಯನ್ನು ಕೇಳಿದ್ದರೆ ಸಿಕ್ಕುತ್ತಿತ್ತೇನೋ.

ನೋಟುಪುಸ್ತಕ ಈಗ ಭೂಗೋಳಶಾಸ್ತ್ರ ವಿಭಾಗದ ಕಪಾಟಿನಲ್ಲಿದೆ. ಈ ಮಾರ್ಚಿಗೆ ನನ್ನ ಕಾಲೇಜು ಮುಗಿಯುತ್ತದೆ. ಬಾಣಾವರದ ಕಡೆಯ ಗರುಡನಗಿರಿಗೆ ಪಶ್ಚಿಮದ ಗಾಳಿ ಬಡಿದು ಮೇಲೇರುವ ಜಾಗ ಒಂದಿರಬೇಕು. ಗುಡ್ಡದ ಏರುಗಾಳಿಗೆ ಬಿಸಿಲು ಬೇಕಾಗಿಲ್ಲ, ಮೋಡ ಮುಚ್ಚಿದ ದಿನವೂ ಅದು ಇದ್ದೀತು. ಅಲ್ಲಿ ಹದ್ದು ಎಣಿಸಿ ಬರಲು ನನಗೆ ಆಗಲಿಲ್ಲ. ಕಿರಿಯ ತರಗತಿಯ ಮಿತ್ರರಲ್ಲಿ ಯಾರಿಗಾದರೂ ಆಸೆಯಿದ್ದರೆ ತಾಪಮಾಪಕವನ್ನು ಮೇಷ್ಟ್ರು ಕೊಡುತ್ತಾರೆ. ಹೋಗುವವರು ಆಷಾಢದ ಗಾಳಿಯಲ್ಲಿ ಹೋಗಬೇಕು, ಬೈಕಿಗೆ ಪಂಕ್ಚರಿನ ಸಾಮಾನು ಒಯ್ಯಬೇಕು.